ಇಪ್ಪತ್ತೆಂಟು ಮಿಲಿಮೀಟರಿನ ಸಿಪಾಯಿಗಳು

"ನಿಮ್ಮ ಹವ್ಯಾಸ ಏನು?" ಅಂತ ಯಾರಾದ್ರೂ ಕೇಳಿದ್ರೆ ನಾನು ಎರಡು ಸೆಕೆಂಡು ತಡವರಿಸ್ತೀನಿ. ಮೆಟಲ್ ಫಿಗರ್ ಕಲೆಕ್ಟ್ ಮಾಡ್ತೀನಿ ಅಂದ್ರೆ ಆಫೀಸಿನ ಹುಡುಗರು 'ಫಿಗರ್' ಅನ್ನೋ ಒಂದೇ ಪದ ಹಿಡ್ಕೊಂಡು ಹಲ್ಲು ಕಿರೀತಾರೆ. ಸಿಪಾಯಿ ಬೊಂಬೆ ಅಂದ್ರೆ ನೆಂಟರು ನನ್ನ ವಯಸ್ಸನ್ನ ಮನಸ್ಸಲ್ಲೇ ಇನ್ನೊಂದ್ಸಲ ಲೆಕ್ಕ ಹಾಕಿ ಅಮ್ಮನ ಮುಖ ನೋಡ್ತಾರೆ. ಹಾಗಾಗಿ 'ಪುಸ್ತಕ ಓದೋದು, ಸಿನಿಮಾ ನೋಡೋದು' ಅಂತ ಹೇಳಿ ಜಾರಿಕೊಳ್ಳೋದೇ ವಾಸಿ. ಆದ್ರೆ ಇಲ್ಲಿ ಇರೋರೆಲ್ಲ ನಮ್ಮೋರೇ ಅಲ್ವಾ, ಜಾರಿಕೊಳ್ಳೋ ಅಗತ್ಯ ಇಲ್ಲ. ಪೂರ್ತಿ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ನನ್ನ ಹತ್ರ ಈಗ ಮುನ್ನೂರ ಚಿಲ್ಲರೆ ಲೋಹದ ಸಿಪಾಯಿಗಳಿದ್ದಾರೆ. ಒಬ್ಬೊಬ್ಬನ ಎತ್ತರ 28 ಮಿಲಿಮೀಟರ್. ಹೆಚ್ಚುಕಡಿಮೆ ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಸಣ್ಣದು ಅಂತ ಹಗುರ ಅಂದ್ಕೋಬೇಡಿ, ಒಂದು ಹಿಡಿ ಕೈಗೆತ್ಕೊಂಡ್ರೆ ಕಲ್ಲು ಹಿಡಿದ ಹಾಗೆ ಭಾರ. ಮೊದಲೆಲ್ಲ ಸೀಸ ಜಾಸ್ತಿ ಇರ್ತಿತ್ತು, ಈಗ ಹೆಚ್ಚಿನ ಕಂಪನಿಗಳು ತವರದ ಮಿಶ್ರಲೋಹಕ್ಕೆ ಬಂದಿವೆ. ಶಿಲ್ಪಿ ಮೊದಲು ಎಪಾಕ್ಸಿ ಪುಟ್ಟಿಯಲ್ಲಿ ಒಂದು ಮೂಲ ಬೊಂಬೆ ಮಾಡ್ತಾನೆ. ನೀಲಿ ಹಳದಿ ಎರಡು ಪಟ್ಟಿ ನಾದಿದ್ರೆ ಹಸಿರಾಗತ್ತೆ, ಅದಕ್ಕೇ ಅದರ ಹೆಸರು ಗ್ರೀನ್ ಸ್ಟಫ್. ಅದರಿಂದ ರಬ್ಬರ್ ಅಚ್ಚು ತೆಗೆದು, ಅಚ್ಚನ್ನ ಗಿರ್ರನೆ ತಿರುಗಿಸ್ತಾ ನಡುವೆ ಕರಗಿದ ಲೋಹ ಹುಯ್ತಾರೆ. ತಿರುಗೋ ರಭಸಕ್ಕೆ ಲೋಹ ಬಂದೂಕಿನ ತುದಿವರೆಗೂ, ಟೋಪಿಯ ಗುಂಡಿವರೆಗೂ ಹೋಗಿ ಕೂರುತ್ತೆ. ನಮ್ಮ ಕೈಗೆ ಬರೋದು ಬಣ್ಣ ಇಲ್ಲದ ಬೆಳ್ಳಿ ಬಣ್ಣದ ತುಂಡು. ಅರ ಹಾಕಿ ಅಂಚು ಉಜ್ಜಬೇಕು, ಪ್ರೈಮರ್ ಹೊಡೀಬೇಕು, ಆಮೇಲೆ ಸೊನ್ನೆ ನಂಬರಿನ ಬ್ರಶ್ ಹಿಡಿದು ಕಣ್ಣು ಮೂಗು ಪಟ್ಟಿ ಗುಂಡಿ ಎಲ್ಲಾ ನಾವೇ ಬಳೀಬೇಕು. ಒಬ್ಬನಿಗೆ ನನಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತೆ. ಮುನ್ನೂರು ಗುಣಿಸು ಒಂದೂವರೆ... ಬೇಡ ಬಿಡಿ, ನನ್ನ ಮ್ಯಾನೇಜರ್ ಓದಿದ್ರೆ ಕಷ್ಟ.

ಈಗ ತ್ರೀ-ಡಿ ಪ್ರಿಂಟರಿನಲ್ಲೂ ಮಾಡ್ಕೋಬಹುದು. ಸಾಫ್ಟ್‌ವೇರಿನವನು ನೀನು, ಪ್ರಿಂಟ್ ಮಾಡ್ಕೊಳ್ಳೋ ಅಂತ ಗೆಳೆಯರು ಹೇಳ್ತಾರೆ. ಇಡೀ ದಿನ ಕೈಗೆ ಸಿಗದ ವಸ್ತು ಜೊತೆ ಗುದ್ದಾಡೋನಿಗೆ ಸಾಯಂಕಾಲ ಭಾರ ಇರೋದು ಏನಾದ್ರೂ ಹಿಡ್ಕೋಬೇಕು ಅನ್ನಿಸುತ್ತೆ, ಅಷ್ಟೇ.

ಇವನ್ನ ಸುಮ್ಮನೆ ಶೋಕೇಸಲ್ಲಿ ಇಡೋದಕ್ಕಲ್ಲ ಮಾಡೋದು. ಆಡೋದಕ್ಕೆ. ಆರಡಿ ನಾಲ್ಕಡಿ ಮೇಜು, ಮೇಲೆ ಹಸಿರೋ ಮರಳಿನ ಬಣ್ಣದ್ದೋ ಬಟ್ಟೆ, ಗುಡ್ಡ, ಮರ, ಮನೆ. ಎರಡು ಕಡೆ ಎರಡು ಸೈನ್ಯ. ಟೇಪ್ ಹಿಡಿದು ಅಳೆದು ನಡೆಸಬೇಕು, ದಾಳ ಹಾಕಿ ಗುಂಡು ಹಾರಿಸಬೇಕು. ಇದನ್ನ ವಾರ್‌ಗೇಮ್ ಅಂತಾರೆ. ಲಂಡನ್ನಿನ ಬ್ರಿಟನ್ ಅನ್ನೋ ಮನೆತನದ ಕಂಪನಿ 1893ರಲ್ಲಿ ಒಳಗೆ ಟೊಳ್ಳಿರೋ ಸೀಸದ ಸಿಪಾಯಿಗಳನ್ನ ಎರಕ ಹುಯ್ಯೋ ಉಪಾಯ ಕಂಡುಹಿಡೀತು. ಲೋಹ ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. ಇಂಗ್ಲೆಂಡಿನ ಮಕ್ಕಳ ಕೋಣೆಗಳೆಲ್ಲ ಸಿಪಾಯಿಮಯ. 1913ರಲ್ಲಿ ಎಚ್.ಜಿ. ವೆಲ್ಸ್ (ಅದೇ, ಟೈಮ್ ಮೆಷೀನ್ ಬರೆದವನು) 'ಲಿಟಲ್ ವಾರ್ಸ್' ಅಂತ ಈ ಆಟದ ನಿಯಮಗಳ ಪುಸ್ತಕವನ್ನೇ ಬರೆದ. ನಿಜವಾದ ಯುದ್ಧದ ಹುಚ್ಚಿಗೆ ಇದೇ ಮದ್ದು ಅನ್ನೋದು ಅವನ ವಾದ. ಮುಂದಿನ ವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು. ಮದ್ದು ಯಾರೂ ತಗೊಳ್ಳಲಿಲ್ಲ.

ಈ ಆಟದಲ್ಲಿ ನೆಪೋಲಿಯನ್, ರೋಮನ್, ಎರಡನೇ ಮಹಾಯುದ್ಧ ಹೀಗೆ ಬೇರೆಬೇರೆ ಕಾಲಗಳ ಭಕ್ತರಿದ್ದಾರೆ. ಅದರಲ್ಲಿ ಒಂದು ಪಂಗಡಕ್ಕೆ 'ಕಲೋನಿಯಲ್' ಅಂತ ಹೆಸರು. ವಿಕ್ಟೋರಿಯಾ ರಾಣಿ ಕಾಲದಲ್ಲಿ ಬ್ರಿಟಿಷರು ಆಫ್ರಿಕಾ, ಏಷ್ಯಾದಲ್ಲಿ ಮಾಡಿದ ಯುದ್ಧಗಳು. ಜುಲು ಯುದ್ಧ, ಸುಡಾನ್, ಅಫ್ಘಾನಿಸ್ತಾನ, ವಾಯುವ್ಯ ಗಡಿ, 1857. ನಾನು ಬಿದ್ದಿದ್ದು ಈ ಬಾವಿಗೆ.

ಬಿದ್ದಿದ್ದು ಎಲ್ಲಿ ಅಂದ್ರೆ ಡರ್ಬಿಯಲ್ಲಿ. ಕಂಪನಿ ಕಡೆಯಿಂದ ಎರಡು ವರ್ಷ ಆನ್‌ಸೈಟ್ ಇದ್ದೆ. ಡರ್ಬಿಗೆ ನಾಟಿಂಗ್‌ಹ್ಯಾಮ್ ತೀರಾ ಹತ್ತಿರ. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಈ ಬೊಂಬೆ ಎರಕದ ಕಂಪನಿಗಳು ಎಷ್ಟಿವೆ ಅಂದ್ರೆ ಆ ಸೀಮೆಯನ್ನೇ ತಮಾಷೆಗೆ 'ಲೆಡ್ ಬೆಲ್ಟ್' ಅಂತಾರೆ. ಪೆರಿ ಅವಳಿ ಸೋದರರು, ವಾರ್‌ಗೇಮ್ಸ್ ಫೌಂಡ್ರಿ, ವಾರ್‌ಲಾರ್ಡ್, ಗೇಮ್ಸ್ ವರ್ಕ್‌ಶಾಪ್ ಎಲ್ಲಾ ಅಲ್ಲೇ. ನಮ್ಮ ಕ್ಲೈಂಟ್ ಕಡೆ ಟೆಸ್ಟಿಂಗ್ ನೋಡ್ತಿದ್ದ ಐವತ್ತೈದು ದಾಟಿದ ಯಜಮಾನರೊಬ್ಬರು ಒಂದು ಶನಿವಾರ "ಬಾ, ನಮ್ಮ ಕ್ಲಬ್ ನೋಡು" ಅಂತ ಕರ್ಕೊಂಡು ಹೋದ್ರು. ಚರ್ಚಿನ ಪಕ್ಕದ ಹಾಲ್. ಒಳಗೆ ಬಿಳಿ ಗಡ್ಡದ ಹತ್ತು ಹದಿನೈದು ಜನ, ಟೀ, ಬಿಸ್ಕತ್ತು, ಮೇಜಿನ ತುಂಬ ಮರಳುಗಾಡು. ಸುಡಾನ್, ತಮಾಯಿ ಕದನ, 13 ಮಾರ್ಚ್ 1884.

ನನ್ನನ್ನ ನೋಡಿ ಬಲು ಪ್ರೀತಿಯಿಂದ ಒಬ್ಬರು ಕೇಳಿದ್ರು: "ನೀವು ನೇಟಿವ್‌ಗಳನ್ನ ಆಡಿಸ್ತೀರಾ?"

ಇದನ್ನ ಓದಿ ನಿಮಗೆ ಕೋಪ ಬಂದಿರಬಹುದು. ನನಗೆ ಬರಲಿಲ್ಲ. ಆ ಮನುಷ್ಯನಿಗೆ ನನ್ನ ಬಣ್ಣ ನೋಡಿ ಹೇಳಬೇಕು ಅಂತ ಇರಲಿಲ್ಲ. ಆ ಆಟದಲ್ಲಿ ಇರೋದೇ ಎರಡು ಕಡೆ. ಒಂದು ಕಡೆಗೆ ಹೆಸರು ಬ್ರಿಟಿಷ್, ಇನ್ನೊಂದು ಕಡೆಗೆ ಹೆಸರು ನೇಟಿವ್. ಹೊಸಬರಿಗೆ ನೇಟಿವ್ ಕೊಡ್ತಾರೆ, ಯಾಕಂದ್ರೆ ಆಡಿಸೋದು ಸುಲಭ: ಮುಂದಕ್ಕೆ ನುಗ್ಗಿಸ್ತಾ ಇದ್ರೆ ಆಯ್ತು. ನಾನೂ ನುಗ್ಗಿಸಿದೆ. ತಮಾಯಿಯಲ್ಲಿ ಹದೆಂದೊವಾ ಜನ ಬ್ರಿಟಿಷರ ಚೌಕಕ್ಕೆ ನುಗ್ಗಿ ಅದನ್ನ ಒಡೆದೇ ಬಿಟ್ಟಿದ್ರು. ಆಮೇಲೆ ಬ್ರಿಟಿಷರು ಸುಧಾರಿಸ್ಕೊಂಡು ಗೆದ್ದರು ಅನ್ನಿ. ಅವತ್ತು ನನ್ನ ದಾಳಗಳೂ ಚೆನ್ನಾಗಿ ಬಿದ್ದು ಚೌಕ ಒಡೆದೆ. ಎದುರಿಗಿದ್ದ ಬಿಳಿಗಡ್ಡದವರು ಚಪ್ಪಾಳೆ ತಟ್ಟಿ ನನ್ನ ಬೆನ್ನು ತಟ್ಟಿ ಇನ್ನೊಂದು ಬಿಸ್ಕತ್ತು ಕೊಟ್ರು. ಸೋತೋರು ಇಷ್ಟು ಖುಷಿಯಾಗಿರೋದನ್ನ ನಾನು ಎಲ್ಲೂ ನೋಡಿರಲಿಲ್ಲ. ಇಡೀ ಯುದ್ಧ ಗೆದ್ದವರ ಮೊಮ್ಮಕ್ಕಳಿಗೆ ನಡುವೆ ಸೋತ ಒಂದು ಮಧ್ಯಾಹ್ನವನ್ನ ಆಟ ಆಡೋದು ಕಷ್ಟವೇ ಅಲ್ಲ ಅಂತ ಹೊಳೆದಿದ್ದು ಬಹಳ ಆಮೇಲೆ.

ವಾಪಸ್ ರೂಮಿಗೆ ಬಂದು ಕ್ಯಾಟಲಾಗ್‌ಗಳನ್ನ ನೋಡೋಕೆ ಕೂತೆ. ಗಂಟೆ ಮೂರಾಗಿತ್ತು ಮಲಗೋವಾಗ. ಅಲ್ಲಿಂದ ಹುಚ್ಚು ಹತ್ತಿತು.

ಕ್ಯಾಟಲಾಗ್ ಓದೋದು ಒಂಥರಾ ಮಜಾ. ಬ್ರಿಟಿಷ್ ಕಮಾಂಡ್ ಅನ್ನೋ ಪೊಟ್ಟಣದಲ್ಲಿ ಪಿಸ್ತೂಲು ಹಿಡಿದ ಅಧಿಕಾರಿ, ಬಿಗಿಲ್ ಊದೋ ಹುಡುಗ, ಬಾಯಿ ತೆರೆದು ಬೈತಿರೋ ಸಾರ್ಜೆಂಟ್. ಗಾಯಾಳುಗಳದ್ದೇ ಬೇರೆ ಪೊಟ್ಟಣ. ಜನರಲ್ ಗಾರ್ಡನ್, ಕಿಚ್ನರ್ ಹೆಸರು ಹೊತ್ತ ಬೊಂಬೆಗಳು. ಇನ್ನೊಂದು ಕಡೆ 'ಓಡುತ್ತಿರುವ ಯೋಧರು', 'ಈಟಿ ಹಿಡಿದ ಯೋಧರು'. ಅದರಲ್ಲೂ ಹದೆಂದೊವಾ ಜನಕ್ಕೆ ಅವರ ಗುಂಗುರು ಕೂದಲು ನೋಡಿ ಬ್ರಿಟಿಷ್ ಸೋಲ್ಜರುಗಳು ಇಟ್ಟ 'ಫಝಿ ವಝಿ' ಅನ್ನೋ ಅಡ್ಡಹೆಸರು ಈ ಹವ್ಯಾಸದಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅಷ್ಟು ಧೈರ್ಯವಂತ ಜನಕ್ಕೆ ನಾಯಿಮರಿಗಿಡೋ ಹೆಸರು!

ಆದ್ರೆ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಶಿಲ್ಪಿಗಳ ಕೈ ಮೋಸ ಮಾಡಿಲ್ಲ. ಪೆರಿ ಸೋದರರ ಸುಡಾನ್ ಬೊಂಬೆಗಳನ್ನ ಭೂತಗನ್ನಡಿಯಲ್ಲಿ ನೋಡಿ. ಮಹ್ದಿಯ ಅನುಯಾಯಿಗಳು ಬಡತನದ ವ್ರತಕ್ಕೆ ಗುರುತಾಗಿ ತೇಪೆ ಹಾಕಿದ ಜುಬ್ಬಾ ತೊಡ್ತಿದ್ರು. ಆ ತೇಪೆ ಒಂದೊಂದೂ ಕಾಣುತ್ತೆ. ಮುಖದಲ್ಲಿ ಎಲುಬು, ಗಡ್ಡ, ದಣಿವು ಎಲ್ಲಾ ಇದೆ. ಆ ಇಬ್ಬರಲ್ಲಿ ಮೈಕಲ್ ಪೆರಿ 1996ರಲ್ಲಿ ಫ್ರಾನ್ಸಿನ ಕ್ರೆಸಿಯಲ್ಲಿ ಹಳೇ ಕಾಲದ ಕದನದ ಮರುಪ್ರದರ್ಶನ ಮಾಡ್ತಿದ್ದಾಗ ತೋಪು ಸಿಡಿದು ಬಲಗೈ ಕಳ್ಕೊಂಡರು. ಆಮೇಲೆ ಎಡಗೈಯಲ್ಲಿ ಕೆತ್ತೋದನ್ನ ಕಲಿತು ಮತ್ತೆ ಶುರು ಮಾಡಿದರು. ಅಂಥ ಕೈಯಿಂದ ಬಂದ ಕೆಲಸದ ಬಗ್ಗೆ ಕೊಂಕು ಮಾತಾಡೋಕೆ ನನಗೆ ನಾಲಿಗೆ ಬರಲ್ಲ. ಶಿಲ್ಪಿ ಮುಖ ಕೊಟ್ಟಿರ್ತಾನೆ. ಆ ಮುಖವನ್ನ ಅಳಿಸೋದು ಮೇಜಿನ ಮೇಲಿನ ಲೆಕ್ಕ.

ಲೆಕ್ಕ ಹೇಗೆ ಅಂದ್ರೆ, ಡೇನಿಯಲ್ ಮರ್ಸಿ ಬರೆದ 'ದ ಮೆನ್ ಹೂ ವುಡ್ ಬಿ ಕಿಂಗ್ಸ್' ಅಂತ ಒಂದು ನಿಯಮಗಳ ಪುಸ್ತಕ ಇದೆ, 2016ರದ್ದು. ಕಿಪ್ಲಿಂಗ್ ಕಥೆಯ ಹೆಸರನ್ನೇ ಸ್ವಲ್ಪ ತಿರುಗಿಸಿದ್ದು. ಬಹಳ ಚೆನ್ನಾಗಿರೋ ಪುಸ್ತಕ, ನಾನೂ ಅದನ್ನೇ ಬಳಸ್ತೀನಿ. ಅದರಲ್ಲಿ ಒಬ್ಬನೇ ಕೂತು ಆಡೋದಕ್ಕೂ ಒಂದು ವಿಧಾನ ಇದೆ. ನೀವು ಬ್ರಿಟಿಷರನ್ನ ಆಡಿಸ್ತೀರ. ನೇಟಿವ್‌ಗಳನ್ನ ಆಡಿಸೋದು 'ಮಿಸ್ಟರ್ ಬ್ಯಾಬೇಜ್'. ಹೌದು, ನಮ್ಮ ಕಂಪ್ಯೂಟರಿನ ಮುತ್ತಾತ ಚಾರ್ಲ್ಸ್ ಬ್ಯಾಬೇಜ್ ಹೆಸರೇ. ದಾಳ ಹಾಕಿ ಕೋಷ್ಟಕ ನೋಡಿದ್ರೆ ಎದುರಿಗಿರೋ ಸೈನ್ಯ ಎಲ್ಲಿ ಹುಟ್ಟಬೇಕು, ಯಾವ ಕಡೆ ನುಗ್ಗಬೇಕು ಅಂತ ಗೊತ್ತಾಗುತ್ತೆ. ಇಂಜಿನಿಯರ್ ಆಗಿ ನೋಡಿದ್ರೆ ಅಚ್ಚುಕಟ್ಟಾದ ಅಲ್ಗಾರಿದಮ್, ಮೆಚ್ಚಿಕೊಂಡೆ. ಎರಡನೇ ಸಲ ಆಡುವಾಗ ಅನ್ನಿಸಿತು, ಇಡೀ ಮೇಜಿನಲ್ಲಿ ಬುದ್ಧಿ ಇರೋದು ಒಂದೇ ಕಡೆಗೆ. ಇನ್ನೊಂದು ಕಡೆ ಲುಕ್-ಅಪ್ ಟೇಬಲ್!

1898ರ ಸೆಪ್ಟೆಂಬರ್ 2ರಂದು ಒಮ್ದುರ್ಮಾನ್‌ನಲ್ಲಿ ಮಹ್ದಿ ಕಡೆಯ ಐವತ್ತು ಸಾವಿರ ಜನ ಬಯಲಿನಲ್ಲಿ ಕಿಚ್ನರನ ಸೈನ್ಯದ ಮೇಲೆ ನುಗ್ಗಿದ್ರು. ಮ್ಯಾಕ್ಸಿಮ್ ಗನ್, ಫಿರಂಗಿ, ನದಿಯಲ್ಲಿ ಗನ್‌ಬೋಟು. ಮಧ್ಯಾಹ್ನದ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಸುಡಾನಿಗಳು ಸತ್ತಿದ್ರು. ಕಿಚ್ನರ್ ಕಡೆ ಸತ್ತವರು ಐವತ್ತರ ಆಸುಪಾಸು. ಆ ಕಡೆ ಇಷ್ಟು, ಈ ಕಡೆ ಅಷ್ಟು ಅನ್ನೋದನ್ನ ಮೇಜಿನ ಮೇಲೆ ಆಡಿದ್ರೆ ಆಟವೇ ಆಗಲ್ಲ. ಅದಕ್ಕೇ ಒಮ್ದುರ್ಮಾನ್‌ಗಿಂತ ಬ್ರಿಟಿಷರು ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಕದನಗಳೇ ಈ ಹವ್ಯಾಸದಲ್ಲಿ ಹೆಚ್ಚು ಜನಪ್ರಿಯ. ಜುಲು ಯುದ್ಧದ ರೋರ್ಕ್ಸ್ ಡ್ರಿಫ್ಟ್ ಅಂತೂ ದೇವರ ಪಟ ಇದ್ದ ಹಾಗೆ. 1879ರ ಜನವರಿ 22 ಮತ್ತು 23, ನೂರೈವತ್ತರಷ್ಟು ಜನ ಮೂರು ನಾಲ್ಕು ಸಾವಿರ ಜುಲುಗಳನ್ನ ರಾತ್ರಿಯಿಡೀ ತಡೆದರು. 11 ವಿಕ್ಟೋರಿಯಾ ಕ್ರಾಸ್. ಅದೇ ದಿನ ಅಲ್ಲಿಂದ ಸ್ವಲ್ಪ ದೂರದ ಇಸಾಂಡ್ಲ್‌ವಾನಾದಲ್ಲಿ ಜುಲುಗಳು ಬ್ರಿಟಿಷರ ಕಡೆಯ 1,300ಕ್ಕೂ ಹೆಚ್ಚು ಜನರನ್ನ ಮುಗಿಸಿದ್ದರು. 1964ರಲ್ಲಿ ರೋರ್ಕ್ಸ್ ಡ್ರಿಫ್ಟ್ ಬಗ್ಗೆ 'ಜುಲು' ಅಂತ ಸಿನಿಮಾ ಬಂತು, ಮೈಕಲ್ ಕೇನ್ ಹೆಸರು ಮಾಡಿದ್ದು ಅದರಲ್ಲೇ. ಅದರಲ್ಲಿ ಜುಲು ರಾಜ ಸೆಟ್ಷ್ವಾಯೋ ಪಾತ್ರ ಮಾಡಿದ್ದು ಅವನ ಮರಿಮೊಮ್ಮಗನೇ ಆದ ಬುತೆಲೆಜಿ, ಮುಂದೆ ದಕ್ಷಿಣ ಆಫ್ರಿಕಾದ ದೊಡ್ಡ ರಾಜಕಾರಣಿ ಆದವರು. ಮುತ್ತಾತನನ್ನ ಸೋಲಿಸಿದವರ ಸಿನಿಮಾದಲ್ಲಿ ಮುತ್ತಾತನಾಗಿ ನಿಲ್ಲೋವಾಗ ಅವರಿಗೆ ಏನನ್ನಿಸಿರಬಹುದು ಅಂತ ನಾನು ಬಹಳ ಸಲ ಯೋಚಿಸಿದೀನಿ.

ಊರಿಗೆ ರಜಕ್ಕೆ ಬಂದಾಗ ಶ್ರೀರಂಗಪಟ್ಟಣಕ್ಕೆ ಹೋದೆ. ದರಿಯಾ ದೌಲತ್ ನೀವೂ ನೋಡಿರ್ತೀರ. ಸ್ಕೂಲ್ ಟ್ರಿಪ್ಪಲ್ಲಿ ಹೋಗಿ, ಹುಲ್ಲಿನ ಮೇಲೆ ಚಿತ್ರಾನ್ನ ತಿಂದು, ಗೋಡೆ ಕಡೆ ನೋಡದೇ ಬಂದಿರ್ತೀರ. ನಾನೂ ಹಾಗೇ. ಈ ಸಲ ಮಾತ್ರ ಪಶ್ಚಿಮದ ಗೋಡೆ ಎದುರು ಒಂದು ಗಂಟೆ ನಿಂತೆ. ಅಲ್ಲಿರೋದು ಪೊಳ್ಳಿಲೂರು ಕದನ. ಕಂಚಿ ಹತ್ತಿರ, 10 ಸೆಪ್ಟೆಂಬರ್ 1780. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಇಡೀ ಪಡೆಯನ್ನ ಮುಗಿಸಿದ ದಿನ. ಬಕ್ಸಾರ್ ಗೆದ್ದ ಹೆಕ್ಟರ್ ಮನ್ರೋ ಕಂಚಿಯಲ್ಲೇ ಇದ್ದು ಸಹಾಯಕ್ಕೆ ಬರಲಾಗದೆ, ಕೊನೆಗೆ ತನ್ನ ದೊಡ್ಡ ತೋಪುಗಳನ್ನ ದೇವಸ್ಥಾನದ ಕಲ್ಯಾಣಿಗೆ ನೂಕಿ ಮದ್ರಾಸಿಗೆ ವಾಪಸ್ ಹೋದ. ಬೈಲಿ ಸೆರೆ ಸಿಕ್ಕಿ ಶ್ರೀರಂಗಪಟ್ಟಣದಲ್ಲೇ 1782ರಲ್ಲಿ ಸತ್ತ. (ಟಿಪ್ಪು ಬಗ್ಗೆ ಜಗಳಕ್ಕೆ ಬರಬೇಡಿ ದಯವಿಟ್ಟು. ಅದಕ್ಕೆ ಬೇರೆ ಜಾಗಗಳಿವೆ, ಬೇಕಾದಷ್ಟು.)

ಚಿತ್ರದಲ್ಲಿ ಬೈಲಿ ಪಲ್ಲಕ್ಕಿಯಲ್ಲಿ ಕೂತಿದಾನೆ. ಸುತ್ತ ಚೌಕ ಕಟ್ಟಿ ನಿಂತ ಕೆಂಪು ಕೋಟಿನವರು. ನಡುವೆ ಮದ್ದಿನ ಗಾಡಿ ಬೆಂಕಿ ಹತ್ತಿ ಸಿಡೀತಿದೆ. ಹೈದರ್, ಟಿಪ್ಪು ಅಂತೂ ಗಡಿಬಿಡಿಯೇ ಇಲ್ಲದೆ ಸವಾರಿ ಬರ್ತಿದಾರೆ, ಮೈಸೂರಿನವರಿಗೆಲ್ಲ ಭರ್ಜರಿ ಮೀಸೆ. ಕೆಂಪು ಕೋಟಿನವರಿಗೆ ಮೀಸೆ ಇಲ್ಲ. ನುಣ್ಣನೆ ಮುಖ, ಒಂದೇ ನಿಲುವು, ಒಂದೇ ಅಚ್ಚಿನಿಂದ ತೆಗೆದ ಹಾಗೆ ಸಾಲು ಸಾಲು. ನನಗೆ ಜೋರಾಗಿ ನಗು ಬಂತು, ಪಕ್ಕದಲ್ಲಿದ್ದ ಗೈಡ್ ತಿರುಗಿ ನೋಡಿದ. ಇದು ನಾಟಿಂಗ್‌ಹ್ಯಾಮಿನ ಕ್ಯಾಟಲಾಗೇ, ತಿರುಗುಮುರುಗು! ಇಲ್ಲಿ ನೇಟಿವ್ ಯಾರು ಹೇಳಿ? ಪೊಟ್ಟಣದಲ್ಲಿ ಹೋಲ್‌ಸೇಲಾಗಿ ಬಂದಿರೋರು ಇಂಗ್ಲಿಷರು. ಬೈಲಿಗೆ ಮಾತ್ರ ಕಮಾಂಡ್ ಫಿಗರ್, ಅದೂ ಪಲ್ಲಕ್ಕಿ ಸಮೇತ.

(ಆ ಚಿತ್ರ ಒಮ್ಮೆ ಅಳಿಸಿಹೋಗಿ ಆಮೇಲೆ ಮತ್ತೆ ಬರೆಸಿದ್ದು. ಬರೆಸಿದವರಲ್ಲಿ ಅಲ್ಲಿ ವಾಸ ಇದ್ದ ಕರ್ನಲ್ ವೆಲ್ಲೆಸ್ಲಿಯೂ ಒಬ್ಬ. ಬಿಳಿಗಡ್ಡದವರ ಬಿಸ್ಕತ್ತು ನೆನಪಾಯ್ತು.)

ಅವತ್ತೇ ತೀರ್ಮಾನ ಮಾಡಿದೆ, ಮೇಜಿನ ಮೇಲೆ ಪೊಳ್ಳಿಲೂರು ಕಟ್ಟಬೇಕು. ಸುಡಾನ್ ಸಾಕು.

ಮೈಸೂರು ಸೈನ್ಯದ ಬೊಂಬೆ ಸಿಗುತ್ತೆ, ಆದ್ರೆ ಜುಲುಗಳ ಹಾಗೆ ಅಂಗಡಿ ತುಂಬಾ ಅಲ್ಲ. ಅಲ್ಲಿಷ್ಟು ಇಲ್ಲಿಷ್ಟು ಸೇರಿಸಿದೆ. ಟಿಪ್ಪುವಿನ ಕಾಲಾಳುಗಳದ್ದು ನೇರಳೆ ಬಣ್ಣದ ಅಂಗಿ, ಅದರ ಮೇಲೆ ಬಿಳಿ ಹುಲಿಪಟ್ಟೆ ಗುರುತುಗಳು, ತಲೆಗೆ ರುಮಾಲು. ಆ ಹುಲಿಪಟ್ಟೆಗೆ 'ಬಬ್ರಿ' ಅಂತ ಹೆಸರು. ಒಬ್ಬ ಸಿಪಾಯಿ ಮೈಮೇಲೆ ಮೂವತ್ತು ಬಬ್ರಿ ಬರೀಬೇಕು, ಒಂದೊಂದು ಎಳ್ಳಿನ ಕಾಲುಭಾಗ. ಉಸಿರು ಬಿಟ್ರೆ ಹೋಯ್ತು. ಆ ಮೇಲೆ ಇನ್ನೊಂದು ತಲೆನೋವು: ಈ ಸಮವಸ್ತ್ರದ ವರ್ಣನೆಗಳು ಟಿಪ್ಪು ಪಟ್ಟಕ್ಕೆ ಬಂದ ಮೇಲಿನವು, ಅಂದ್ರೆ 1782ರ ಕೊನೆ ದಾಟಿದ್ದು. ಪೊಳ್ಳಿಲೂರು 1780ರದ್ದು, ಆಗ ರಾಜ್ಯ ಹೈದರನದು. ಹಾಗಾಗಿ ಹುಲಿಪಟ್ಟೆಯವರನ್ನ ಒಂದೇ ತುಕಡಿಗೆ ಸೀಮಿತ ಮಾಡಿ, ಉಳಿದವರಿಗೆಲ್ಲ ಬಿಳಿ, ಕಂದು, ನೀಲಿ ಅಂಗಿ ಬಳಿದೆ. ಹುಲಿಪಟ್ಟೆ ಆ ದಿನಕ್ಕೆ ಸರಿ ಅಲ್ಲದೇ ಇರಬಹುದು, ಆದ್ರೆ ಅಷ್ಟು ಕಷ್ಟಪಟ್ಟು ಬರೆದ ಬಬ್ರಿಯನ್ನ ಪೆಟ್ಟಿಗೆಯಲ್ಲಿಡೋಕೆ ನನ್ನ ಕೈಲಿ ಆಗಲ್ಲ.

ರಾಕೆಟ್‌ನವರು ಇಲ್ಲದೆ ಮೈಸೂರು ಸೈನ್ಯ ಉಂಟೇ? ಕಬ್ಬಿಣದ ಕೊಳವೆ, ಹಿಂದೆ ಬಿದಿರಿನ ಗಳ. ಆಗಿನ ಯೂರೋಪಿನಲ್ಲಿ ಇಂಥ ಕಬ್ಬಿಣದ ಕೊಳವೆಯ ರಾಕೆಟ್ ಇರಲಿಲ್ಲ. ಇದನ್ನ ನೋಡಿಯೇ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ ಮಾಡಿದ್ದು. ನಮ್ಮ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹೊಸನಗರ ತಾಲ್ಲೂಕು, 2018ರಲ್ಲಿ ಒಂದು ಹಾಳು ಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ಪೇಪರಲ್ಲಿ ಓದಿರ್ತೀರ. ಬಾಡಿದ ನುಗ್ಗೇಕಾಯಿ ತುಂಡಿನ ಥರ ತುಕ್ಕು ಹಿಡಿದು ಬಿದ್ದಿದ್ವು. ನಿಯಮಗಳ ಪುಸ್ತಕಗಳಲ್ಲಿ ರಾಕೆಟ್ ಅಂದ್ರೆ ಒಂದು ಜೋಕು: ದಾಳ ಕೆಟ್ಟದಾಗಿ ಬಿದ್ರೆ ವಾಪಸ್ ನಿಮ್ಮ ಮೇಲೇ ಬರುತ್ತೆ. ಪೊಳ್ಳಿಲೂರಿನಲ್ಲಿ ಮದ್ದಿನ ಗಾಡಿ ಸಿಡಿದ ಮೇಲೆ ಬೈಲಿ ಕಡೆ ಯಾರಿಗೂ ನಗು ಬಂದಿರಲಾರದು. ರಾಕೆಟ್ಟಿಗೆ ನಾನೇ ಬೇರೆ ಕೋಷ್ಟಕ ಬರ್ಕೊಂಡೆ. ಪಕ್ಷಪಾತ ಅಂತೀರಾ? ಹೌದು.

ಬೊಂಬೆಗಳನ್ನ ಊರಿಗೆ ತರೋದೇ ಒಂದು ಸಾಹಸ. ಪೋಸ್ಟಿನಲ್ಲಿ ತರಿಸೋದು ದುಬಾರಿ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕವನ್ನ ಶೇಕಡಾ 20ರಿಂದ 60ಕ್ಕೆ ಏರಿಸಿದ್ರು. ಹಾಗಾಗಿ ಎಲ್ಲರನ್ನೂ ಸ್ಪಂಜಿನಲ್ಲಿ ಮಲಗಿಸಿ ಕೈಚೀಲದಲ್ಲೇ ತಂದೆ. ಏರ್‌ಪೋರ್ಟಿನ ಸ್ಕ್ಯಾನರ್ ಪರದೆಯಲ್ಲಿ ನೂರೈವತ್ತು ಜನ ಬಂದೂಕುಧಾರಿಗಳು ಸಾಲಾಗಿ ಮಲಗಿದ್ರು. ಅಧಿಕಾರಿ ಒಬ್ಬನನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದನ್ನ ನೀವೇ ಪೇಂಟ್ ಮಾಡಿದ್ರಾ?" ಅಂತ ಕೇಳಿ, ಪಕ್ಕದ ಕೌಂಟರಿನವರನ್ನೂ ಕರೆದು ತೋರಿಸಿ, ಕಳಿಸಿದ್ರು. ನನ್ನ ಜೀವಮಾನದ ಮೊದಲ ಪ್ರದರ್ಶನ :-)

ಮೈಸೂರು ಸೈನ್ಯ ಮುಗಿದ ಮೇಲೆ ಬೈಲಿ ಸೈನ್ಯಕ್ಕೆ ಕೈ ಹಾಕಿದೆ. ಇಲ್ಲಿವರೆಗೆ ನನ್ನ ತಲೆಯಲ್ಲಿ ಲೆಕ್ಕ ಸಲೀಸಾಗಿತ್ತು: ಅವರು, ನಾವು. ಬೈಲಿ ಹತ್ರ ಇದ್ದದ್ದು ಮೂರು ಸಾವಿರದ ಏಳೆಂಟು ನೂರು ಜನ. ಅದರಲ್ಲಿ ಯೂರೋಪಿನವರು ಕೆಲವು ನೂರು ಮಾತ್ರ. ಉಳಿದವರೆಲ್ಲ ಕಂಪನಿಯ ಮದ್ರಾಸ್ ಸಿಪಾಯಿಗಳು. ಕೆಂಪು ಕೋಟು, ಕೆಳಗೆ ತುಂಡು ಚಡ್ಡಿ, ಬರಿಗಾಲು. ಒಂದು ಫಿಗರಿಗೆ ಐವತ್ತು ಜನ ಅಂತ ಲೆಕ್ಕ ಹಾಕಿ 75 ಬೊಂಬೆ ತಂದಿದ್ದೆ. ಬೆಳ್ಳಗೆ ಬಳೀಬೇಕಾದ ಮುಖಗಳು ಹತ್ತೇ ಹತ್ತು.

ಹಳೇ ಹಂಬ್ರಾಲ್ ಡಬ್ಬಿಗಳಲ್ಲಿ 61 ನಂಬರಿನ ಬಣ್ಣದ ಹೆಸರು 'ಫ್ಲೆಶ್'. ಮಾಂಸದ ಬಣ್ಣ ಅಂದ್ರೆ ಅವರ ಪ್ರಕಾರ ಗುಲಾಬಿ. ನಮಗೆ ಬೇಕಾದ ಬಣ್ಣ ಡಬ್ಬಿಯಲ್ಲಿ ಸಿಕ್ಕಿದ್ರೂ ಒಂದೋ ತೀರಾ ಕಪ್ಪು, ಇಲ್ಲಾ ಮಣ್ಣಿನ ಕುಂಡ. ನಾನು ಕಂದು, ಒಂಚೂರು ಕೆಂಪು, ಒಂಚೂರು ಹಳದಿ ಕಲೆಸಿ, ಎಡಗೈ ಹಿಂಭಾಗದ ಮೇಲೆ ಒಂದು ಚುಕ್ಕೆ ಇಟ್ಟು ನೋಡ್ತಿದ್ದೆ. ಚುಕ್ಕೆ ಎಲ್ಲಿದೆ ಅಂತ ಕಾಣದೇ ಹೋದಾಗ ಬಣ್ಣ ಸರಿಯಾಯ್ತು ಅಂತ. ಆ ಬಣ್ಣದಲ್ಲಿ ಅರವತ್ತೈದು ಮುಖ ಬಳಿದೆ. ಕೆಂಪು ಕೋಟಿನ ಮೇಲೆ.

ಅಪ್ಪ ಬೆಂಗಳೂರಿಗೆ ಬಂದಿದ್ದಾಗ ಅವು ಟೀಪಾಯಿ ಮೇಲೆ ಒಣಗ್ತಾ ಇದ್ವು. ಕನ್ನಡಕ ಹಾಕ್ಕೊಂಡು ಒಂದನ್ನ ಎತ್ತಿ ನೋಡಿದ್ರು.

"ಇವ್ರು ಯಾರ ಕಡೆಯೋ?"

"ಕಂಪನಿ ಕಡೆ ಅಪ್ಪ. ಬ್ರಿಟಿಷರ ಕಡೆ."

"ಮುಖ ನಮ್ಮೋರ ಥರ ಇದೆಯಲ್ಲೋ."

"ನಮ್ಮೋರೇ. ಆರ್ಕಾಟು, ಮದ್ರಾಸು ಕಡೆಯವರು."

ಅಪ್ಪ ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ್ರು. ಆಮೇಲೆ, "ತಿಂಗಳಾ ತಿಂಗಳಾ ಸಂಬಳ ಸರಿಯಾಗಿ ಬರ್ತಿತ್ತೇನೋ. ಹೋಗಿರ್ತಾರೆ ಬಿಡು" ಅಂದು ಇದ್ದ ಜಾಗದಲ್ಲೇ ನಿಧಾನಕ್ಕೆ ಇಟ್ರು.

ಡರ್ಬಿಯ ಕ್ಲೈಂಟಿಗೆ ಕೋಡ್ ಬರೆದು ಆ ಸಂಬಳದಲ್ಲಿ ಈ ಸಿಪಾಯಿಗಳನ್ನ ಕೊಂಡ ನಾನು ಏನೂ ಮಾತಾಡಲಿಲ್ಲ. ಹೋಲಿಕೆ ಜಾಸ್ತಿ ಆಯ್ತು ಅಂತ ನನಗೂ ಗೊತ್ತು, ನನ್ನ ಮೇಲೆ ಯಾರೂ ರಾಕೆಟ್ ಬಿಡಲ್ಲ. ಆದ್ರೂ ಕಂಪನಿ ಸಿಪಾಯಿಗಳಿಗೆ ಸಂಬಳ ಸಕಾಲಕ್ಕೆ ಕೊಡ್ತಿತ್ತು, ನಮ್ಮ ರಾಜರುಗಳು ಬಹಳ ಸಲ ಬಾಕಿ ಇಡ್ತಿದ್ರು ಅನ್ನೋದು ಇತಿಹಾಸದ ಪುಸ್ತಕದಲ್ಲೂ ಇರೋ ಮಾತೇ. ಅಪ್ಪ ಅದನ್ನ ಓದಿ ಹೇಳಿದ್ದಲ್ಲ, ನಲವತ್ತು ವರ್ಷ ನೌಕರಿ ಮಾಡಿ ಹೇಳಿದ್ದು.

ಅದಾದ ಮೇಲೆ ದರಿಯಾ ದೌಲತ್ ಚಿತ್ರದ ಆ ಒಂದೇ ಅಚ್ಚಿನ ಸಾಲುಗಳು ನೆನಪಾದ್ರೆ ಮೊದಲಿನ ಹಾಗೆ ನಗು ಬರಲಿಲ್ಲ. ನಾಟಿಂಗ್‌ಹ್ಯಾಮಿನ ಕ್ಯಾಟಲಾಗಿನಲ್ಲೂ ಇವರಿಗೆ ಮುಖ ಇಲ್ಲ, ಶ್ರೀರಂಗಪಟ್ಟಣದ ಗೋಡೆ ಮೇಲೂ ಇಲ್ಲ. ಪೊಳ್ಳಿಲೂರಿನಲ್ಲಿ ಸತ್ತವರಲ್ಲಿ ಹೆಚ್ಚಿನವರು ಇವರೇ. ಬೈಲಿಗೆ ಗುಂಬಜ್ ಹತ್ತಿರ ಅವನ ಅಣ್ಣ ತಮ್ಮಂದಿರ ಮಕ್ಕಳ ಕಾಲದಲ್ಲಿ ಕಟ್ಟಿಸಿದ ಸ್ಮಾರಕವಾದರೂ ಇದೆ. ಹಾಗಾಗಿ ಆ ಅರವತ್ತೈದು ಜನಕ್ಕೆ ನಾನು ಒಂದು ಕೆಲಸ ಮಾಡಿದೆ. ಅಚ್ಚು ಆರೇ ತರಹದ್ದು, ಆದ್ರೆ ಮುಖ ಅರವತ್ತೈದೂ ಬೇರೆ. ಒಬ್ಬನಿಗೆ ನಾಮ, ಒಬ್ಬನಿಗೆ ವಿಭೂತಿ, ಒಬ್ಬನಿಗೆ ಗಡ್ಡ, ಒಬ್ಬನಿಗೆ ನರೆತ ಮೀಸೆ. ಒಬ್ಬ ಸ್ವಲ್ಪ ನಮ್ಮ ಸೋದರಮಾವನ ಥರ ಬಂದಿದಾನೆ, ಬೇಕು ಅಂತ ಮಾಡಿದ್ದಲ್ಲ. ಮೂರಡಿ ದೂರದಿಂದ ಇದ್ಯಾವುದೂ ಕಾಣಲ್ಲ. ಬ್ರಶ್ ಹಿಡಿದವನಿಗೆ ಮಾತ್ರ ಗೊತ್ತು.

ಕಳೆದ ದಸರಾ ರಜದಲ್ಲಿ ಆಟ ಆಡಿದ್ವಿ. ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಡೈನಿಂಗ್ ಟೇಬಲ್ ಮೇಲೆ ಪ್ಲೈವುಡ್ ಹಾಸಿ, ನಾಲ್ಕು ಜನ. ಅದೇ ಹಾಲಿನ ಮೂಲೆಯಲ್ಲಿ ಅಮ್ಮ ಗೊಂಬೆ ಕೂರಿಸಿದ್ರು: ಪಟ್ಟದ ಗೊಂಬೆ, ಚನ್ನಪಟ್ಟಣದ ಬ್ಯಾಂಡ್‌ಸೆಟ್ಟು, ಸೆಟ್ಟಿ ದಂಪತಿ. ಬಂದ ಮುತ್ತೈದೆಯರು ಗೊಂಬೆ ನೋಡಿ, ಹಾಗೇ ನಮ್ಮ ಮೇಜಿನ ಕಡೆ ತಿರುಗಿ, "ಇದು ಯಾವ ಕಥೆ?" ಅಂತ ಕೇಳೋರು. ಅಮ್ಮ ಒಂಚೂರೂ ಅಳುಕದೆ, "ನಾವು ಒಂಬತ್ತು ದಿನ ಕೂರಿಸ್ತೀವಿ, ಇವನು ವರ್ಷವೆಲ್ಲಾ ಕೂರಿಸ್ತಾನೆ" ಅಂತ ಹೇಳಿ ಅರಿಶಿನ ಕುಂಕುಮ ಕೊಡೋರು. ಈ ಹವ್ಯಾಸಕ್ಕೆ ಇದಕ್ಕಿಂತ ಚೆನ್ನಾಗಿ ಯಾರೂ ಸಮಜಾಯಿಷಿ ಕೊಟ್ಟಿಲ್ಲ.

ಆಟದಲ್ಲಿ ಬೈಲಿ ಆಗೋಕೆ ಯಾರೂ ಒಪ್ಪಲಿಲ್ಲ. ಮೂರೂ ಜನಕ್ಕೆ ಮೈಸೂರೇ ಬೇಕು. ಬ್ಯಾಬೇಜ್ ಮಹಾಶಯನಿಗೆ ಕೊಡೋಣ, ಈ ಸಲ ಇಂಗ್ಲಿಷರು ಲುಕ್-ಅಪ್ ಟೇಬಲ್ ಆಗ್ಲಿ ಅಂತ ಒಬ್ಬ ಅಂದ. ಆಸೆ ಆಯ್ತು. ಆದ್ರೆ ಅರವತ್ತೈದು ಮುಖ ಬಳಿದವನು ನಾನು, ಕೋಷ್ಟಕದ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ. ಬೈಲಿ ನಾನೇ ಆದೆ. ಚೌಕ ಕಟ್ಟಿ ಕೂತೆ. ನಾನೇ ಬರೆದ ರಾಕೆಟ್ ಕೋಷ್ಟಕದಿಂದ ಮೂರನೇ ಸುತ್ತಿಗೇ ನನ್ನ ಮದ್ದಿನ ಗಾಡಿ ಸಿಡೀತು. ಸಿಪಾಯಿಗಳನ್ನ ಒಬ್ಬೊಬ್ಬರನ್ನೇ ಮೇಜಿನಿಂದ ತೆಗೆದು ಡಬ್ಬಿಗೆ ಹಾಕುವಾಗ ನರೆತ ಮೀಸೆಯವನನ್ನ ಆದಷ್ಟು ಕೊನೆಗೆ ಉಳಿಸ್ಕೊಂಡೆ. ಅದಕ್ಕೆ ನಿಯಮ ಏನೂ ಇಲ್ಲ. ಗೆಳೆಯರು ಕುಣಿದಾಡಿದ್ರು, ನಾನು ಅವರಿಗೆ ಕೋಡುಬಳೆ ಕೊಟ್ಟೆ.

ಈಗ ಅವರ ಬೇಡಿಕೆ, ಮುಂದಿನ ಆಟ ಶ್ರೀರಂಗಪಟ್ಟಣ, 4 ಮೇ 1799. ಬೊಂಬೆಗಳು ಇವೆ, ಕೋಟೆ ಗೋಡೆಯನ್ನ ಥರ್ಮೋಕೋಲಿನಲ್ಲಿ ಕೊರೆದು ಆಗಿದೆ. ಕೋಟೆ ಬಿರುಕಿಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕಿ ಇದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂದಿಯಾಗಿದ್ದವನು. ಅವನ ಹಿಂದೆ ನುಗ್ಗಿದ ನಾಲ್ಕು ಸಾವಿರದ ಚಿಲ್ಲರೆ ಜನರಲ್ಲಿ ಎರಡು ಸಾವಿರದ ಹತ್ತಿರ ಮತ್ತೆ ಇಲ್ಲಿನವರೇ. ಬೇರ್ಡ್ ಬೊಂಬೆಗೆ ಪ್ರೈಮರ್ ಹೊಡೆದು ಎರಡು ತಿಂಗಳಾಯ್ತು, ಇನ್ನೂ ಬೂದು ಬಣ್ಣದಲ್ಲೇ ಕಿಟಕಿ ಹತ್ರ ನಿಂತಿದಾನೆ. ಬಿಳಿಗಡ್ಡದವರು ಇಸಾಂಡ್ಲ್‌ವಾನಾ ಆಡಿದಷ್ಟು ಸಲೀಸಾಗಿ ನನಗೆ ಇದನ್ನ ಆಡೋಕೆ ಆಗುತ್ತೋ ಇಲ್ಲವೋ, ಬಣ್ಣ ಹಚ್ಚೋಕೆ ಕೂತಾಗ ಗೊತ್ತಾಗುತ್ತೆ.

ಬೆಂಗಳೂರಿನಲ್ಲಿ ಇರೋರಿಗೆ ಆಸಕ್ತಿ ಇದ್ರೆ ಹೇಳಿ, ಒಂದು ಭಾನುವಾರ ಬನ್ನಿ. ದಾಳ, ಟೇಪು ನನ್ನ ಹತ್ರ ಇದೆ. ಕೋಡುಬಳೆ ಅಮ್ಮನ ಜವಾಬ್ದಾರಿ. ಕಂಪನಿ ಕಡೆ ಆಡೋಕೆ ಒಬ್ಬರು ಬೇಕಾಗಿದ್ದಾರೆ.